ಡೈರ್ ಸ್ಟ್ರೇಟ್ಸ್ ಆದ್ಮೇಲಿನ ಮಾರ್ಕ್ ನಾಫ್ಲರ್
ಬ್ರಿಟಿಷ್ ರಾಕ್ ಬ್ಯಾಂಡ್ ಡೈರ್ ಸ್ಟ್ರೇಟ್ಸ್ ನಿಂತ್ಮೇಲೆ ಅದರ ಗಾಯಕ, ಗಿಟಾರಿಸ್ಟ್ ನಾಫ್ಲರ್ ಸುಮ್ನಾಗ್ಬಿಟ್ರಾ, ಅವರೊಬ್ರೇ ಮಾಡಿದ ಸೋಲೋ ಆಲ್ಬಂ ಎಲ್ಲಿಂದ ಕೇಳೋದು ಅಂದ್ರಲ್ಲ, ಸುಮ್ನೆ ಎಲ್ಲಿ ಕೂತ್ರು, 1995ರಲ್ಲಿ ಡೈರ್ ಸ್ಟ್ರೇಟ್ಸ್ ಮುಗಿಸಿ ಮುಂದಿನ ವರ್ಷವೇ 'ಗೋಲ್ಡನ್ ಹಾರ್ಟ್' ಆಲ್ಬಂ ತಂದ್ರು. ನೀವು ಮಾತ್ರ 2000ದ 'ಸೇಲಿಂಗ್ ಟು ಫಿಲಡೆಲ್ಫಿಯಾ'ದಿಂದ ಶುರು ಮಾಡಿ, ಟೈಟಲ್ ಹಾಡಲ್ಲಿ ಅಮೆರಿಕದ ಗಾಯಕ ಜೇಮ್ಸ್ ಟೇಲರ್ ಜೊತೆ ಹಾಡಿದಾರೆ, ಸಖತ್ತಾಗಿದೆ. ನಾಫ್ಲರ್ ಮೊದ್ಲು ಪೇಪರ್ ರಿಪೋರ್ಟರ್ ಆಗಿದ್ದೋರು, ಆಮೇಲೆ ಕಾಲೇಜಲ್ಲಿ ಪಾಠನೂ ಮಾಡಿದೋರು, ಅದಕ್ಕೇ ಇರ್ಬೇಕು ಹಾಡುಗಳಲ್ಲಿ ಕಥೆ ಜಾಸ್ತಿ. ಎಡಚರಾದ್ರೂ ಗಿಟಾರ್ ಹಿಡಿಯೋದು ಬಲಗೈನೋರ ಥರ, ಪಿಕ್ (ತಂತಿ ಮೀಟೋ ಚಿಕ್ಕ ಬಿಲ್ಲೆ) ಬಿಟ್ಟು ಬೆರಳಲ್ಲೇ ನುಡಿಸೋದು, ಹಂಗಾಗಿ ಆ ಟೋನ್ ಕೇಳಿದ ತಕ್ಷಣ ಗೊತ್ತಾಗುತ್ತೆ. ಹಳೇ ಸ್ಟೇಡಿಯಂ ರಾಕ್ ಮಾತ್ರ ಎಕ್ಸ್‌ಪೆಕ್ಟ್ ಮಾಡ್ಬೇಡಿ, ಇದೆಲ್ಲ ಫೋಕ್, ಕಂಟ್ರಿ ಮ್ಯೂಸಿಕ್ ಕಡೆ ವಾಲಿರೋದು, ನಂಗಂತೂ ಇದೇ ಜಾಸ್ತಿ ಇಷ್ಟ. ಬ್ಯಾಂಡ್ ಇದ್ದಾಗ್ಲೇ, 1983ರಲ್ಲಿ 'ಲೋಕಲ್ ಹೀರೋ' ಸಿನಿಮಾಗೆ ಮಾಡಿದ ಮ್ಯೂಸಿಕ್ ಇದೆ, ಅದನ್ನೂ ಬಿಡ್ಬೇಡಿ.