ಹೆಸರಿದೆ, ಗಾತ್ರವಿದೆ, ಚಿತ್ರ ಮಾತ್ರ ತೆರೆಯುತ್ತಿಲ್ಲ

ಪ್ರಶ್ನೆ: ನಮ್ಮ ತಂದೆಯವರ ಷಷ್ಟ್ಯಬ್ದಿಯ ಫೋಟೋ, ವಿಡಿಯೊಗಳೆಲ್ಲ ಕ್ಯಾಮೆರಾದ 32 ಜಿಬಿ ಮೆಮೊರಿ ಕಾರ್ಡ್‌ನಲ್ಲಿದ್ದವು. ಕಂಪ್ಯೂಟರ್‌ಗೆ ಇಳಿಸಿಕೊಂಡಾಗಿದೆ ಎಂದು ತಿಳಿದು ಅಣ್ಣನ ಮಗ ಎಲ್ಲವನ್ನೂ ಅಳಿಸಿ, ಮರುದಿನ ಜೋಗಕ್ಕೆ ಹೋದಾಗ ಅದೇ ಕಾರ್ಡ್‌ನಲ್ಲಿ ಒಂದಿಷ್ಟು ಫೋಟೋ ತೆಗೆದ. ಆಮೇಲೆ ರಿಕವರಿ ತಂತ್ರಾಂಶ ಹಾಕಿದೆವು. ಫೈಲ್‌ಗಳು ಬಂದವು, ಹೆಸರಿನ ಮೊದಲ ಅಕ್ಷರ ಮಾತ್ರ ಹೋಗಿದೆ. ಕೆಲವು ಫೋಟೋ ಸರಿಯಾಗಿವೆ, ಕೆಲವು ಅರ್ಧದಿಂದ ಕೆಳಗೆ ಬೂದು ಬಣ್ಣ. ಇನ್ನು ಕೆಲವು ಫೋಲ್ಡರ್‌ನಲ್ಲಿ ಚಿಕ್ಕದಾಗಿ ಕಾಣುತ್ತವೆ, ಒತ್ತಿದರೆ ತೆರೆಯುವುದಿಲ್ಲ. ವಿಡಿಯೊ ಒಂದೂ ಓಡುತ್ತಿಲ್ಲ. ‘ರಿಪೇರಿ’ ಮಾಡಿಕೊಡುವ ಇನ್ನೊಂದು ತಂತ್ರಾಂಶ ಹಣ ಕೇಳುತ್ತಿದೆ. ಕೊಳ್ಳಬಹುದೇ?
– ಓದುಗರು, ಸಾಗರ

ಉತ್ತರ: ಈಗ ಕೊಳ್ಳಬೇಡಿ. ಮೊದಲು ಕಾರ್ಡನ್ನು ಹೊರತೆಗೆದು, ಅದರ ಎಡ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ‘ಲಾಕ್’ ಎಂದಿರುವ ಕಡೆಗೆ ಸರಿಸಿಡಿ. ನಿಮ್ಮ ಹತ್ತಿರ ಈಗ ಇರುವ ಆಸ್ತಿ ಆ ಕಾರ್ಡೇ ಹೊರತು ಕಂಪ್ಯೂಟರ್‌ಗೆ ಬಂದಿರುವ ಫೈಲ್‌ಗಳಲ್ಲ. ಮರಳಿ ಬಂದ ಫೈಲ್‌ಗಳನ್ನು ಎಲ್ಲಿ ಉಳಿಸಿದಿರಿ ಎಂದು ನೀವು ಬರೆದಿಲ್ಲ. ಅದೇ ಕಾರ್ಡ್‌ಗೆ ಉಳಿಸಿದ್ದರೆ, ಇನ್ನೂ ಸಿಗಬೇಕಾಗಿದ್ದ ಚಿತ್ರಗಳ ಮೇಲೆ ಇವು ಕುಳಿತಿರುತ್ತವೆ. ಇನ್ನು ಮುಂದೆ ಅದರ ಮೇಲೆ ಒಂದು ಅಕ್ಷರವೂ ಬರೆಯಲ್ಪಡಬಾರದು.

ಈಗ, ಗಾತ್ರ ಸರಿಯಿದ್ದೂ ಚಿತ್ರ ಏಕೆ ತೆರೆಯುವುದಿಲ್ಲ ಎಂಬುದು. 32 ಜಿಬಿ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32 ಎಂಬ ವ್ಯವಸ್ಥೆ ಇರುತ್ತದೆ. ಅದರಲ್ಲಿ ಪ್ರತಿ ಫೈಲ್‌ಗೆ ಎರಡು ದಾಖಲೆ. ಒಂದು ಕಡೆ ಹೆಸರು, ಗಾತ್ರ ಮತ್ತು ಫೈಲ್ ಎಲ್ಲಿ ಶುರುವಾಗುತ್ತದೆ ಎಂಬುದು. ಇನ್ನೊಂದು ಕಡೆ ಅದರ ತುಂಡುಗಳು ಒಂದರ ನಂತರ ಒಂದು ಎಲ್ಲೆಲ್ಲಿವೆ ಎಂಬ ಸರಪಳಿ. ಅಳಿಸಿದಾಗ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ‘ಅಳಿಸಲಾಗಿದೆ’ ಎಂಬ ಗುರುತು ಬೀಳುತ್ತದೆ, ಸರಪಳಿ ಅಳಿಯುತ್ತದೆ. ನಿಮ್ಮ ಫೈಲ್‌ಗಳ ಮೊದಲ ಅಕ್ಷರ ಹೋದದ್ದು ಹೀಗೆ. ಚಿತ್ರದ ಮಾಹಿತಿ ಇದ್ದಲ್ಲೇ ಇರುತ್ತದೆ; ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಹೊಲ ಎಲ್ಲಿಗೂ ಹೋಗುವುದಿಲ್ಲವಲ್ಲ. ಆದರೆ ಸರಪಳಿ ಇಲ್ಲದ್ದರಿಂದ ರಿಕವರಿ ತಂತ್ರಾಂಶ ಊಹೆಯ ಮೇಲೆ ನಡೆಯುತ್ತದೆ. ಫೈಲ್ ಶುರುವಾದ ಜಾಗದಿಂದ ಹಿಡಿದು, ದಾಖಲೆಯಲ್ಲಿರುವ ಗಾತ್ರದಷ್ಟನ್ನು ಸಾಲಾಗಿ ಎತ್ತಿಕೊಡುತ್ತದೆ. ಫೈಲ್ ಒಂದೇ ಉದ್ದಕ್ಕೆ ಇದ್ದಿದ್ದರೆ ಸರಿ. ಹಿಂದೆ ಕಾರ್ಡ್‌ನಿಂದ ಅಲ್ಲೊಂದು ಇಲ್ಲೊಂದು ಫೋಟೋ ಅಳಿಸಿದ್ದರೆ ಹೊಸ ಫೈಲ್‌ಗಳು ಆ ಸಂದುಗಳಲ್ಲಿ ಹಂಚಿಹೋಗಿರುತ್ತವೆ. ಆಗ ಮೊದಲ ತುಂಡು ನಿಮ್ಮ ತಂದೆಯವರದು, ಮುಂದಿನದು ಬೇರೆ ಯಾವುದರದೋ.

ಫೋಲ್ಡರ್‌ನಲ್ಲಿ ಕಾಣುವ ಚಿಕ್ಕ ಚಿತ್ರದ ವಿಷಯವೂ ಇದೇ. ಕ್ಯಾಮೆರಾ ಪ್ರತಿ ಜೆಪೆಗ್ ಫೋಟೋದ ತಲೆಭಾಗದಲ್ಲೇ ಒಂದು ಕಿರುಚಿತ್ರವನ್ನು, ಸಾಮಾನ್ಯವಾಗಿ 160x120 ಚುಕ್ಕೆಗಳದ್ದನ್ನು, ಸೇರಿಸಿಡುತ್ತದೆ. ತಲೆ ಉಳಿದಿದೆ, ಒಡಲು ಬೇರೆಡೆ ಇದೆ ಅಥವಾ ಜೋಗದ ಫೋಟೋಗಳ ಕೆಳಗೆ ಹೂತುಹೋಗಿದೆ. ಹೂತುಹೋದದ್ದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಇದನ್ನು ಹೇಳದೆ, ಆ ಕಿರುಚಿತ್ರವನ್ನೇ ತೋರಿಸಿ ‘ಫೋಟೋ ಸಿಕ್ಕಿದೆ, ಹಣ ಕಟ್ಟಿ’ ಎನ್ನುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಕಳೆದುಕೊಂಡವರ ಸಂಕಟದ ಮೇಲೆ ಮಾಡುವ ವ್ಯಾಪಾರ ಅದು.

ಮಾಡಬೇಕಾದ್ದು ಇಷ್ಟು. ಮೊದಲು ಕಾರ್ಡಿನ ಪೂರ್ತಿ ಪ್ರತಿಯನ್ನು ಒಂದೇ ಇಮೇಜ್ ಫೈಲ್ ಆಗಿ ಕಂಪ್ಯೂಟರ್‌ಗೆ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್ ಸಾಕು. ‘ರೀಡ್’ ಗುಂಡಿಯನ್ನೇ ಒತ್ತಿ, ಪಕ್ಕದ ‘ರೈಟ್’ ಮುಟ್ಟಲೇಬೇಡಿ. ಆಮೇಲಿನ ಪ್ರಯತ್ನವೆಲ್ಲ ಆ ಪ್ರತಿಯ ಮೇಲೆ. ಅದಕ್ಕೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿ. ಅದು ಹಳೆಯ ದಾಖಲೆಗಳನ್ನು ನಂಬದೆ, ಫೋಟೋ ಎಲ್ಲಿ ಶುರುವಾಗುತ್ತದೆ ಎಂಬ ಗುರುತನ್ನೇ ಕಾರ್ಡಿನ ಉದ್ದಕ್ಕೂ ಹುಡುಕುತ್ತದೆ. ಫೈಲ್‌ನ ಹೆಸರು ಉಳಿಯುವುದಿಲ್ಲ. ತೆಗೆದ ದಿನಾಂಕ, ಸಮಯ ಫೋಟೋದೊಳಗೇ ಇರುತ್ತವೆ, ಜೋಡಿಸಿಕೊಳ್ಳಬಹುದು.

ಇನ್ನು ವಿಡಿಯೊ. ಇಲ್ಲಿ ಸ್ವಲ್ಪ ನಿಧಾನಿಸಿ. ಎಚ್‌ಎಕ್ಸ್‌ಡಿ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ವಿಡಿಯೊ ಫೈಲ್ ತೆರೆಯಿರಿ. ಎಡಗಡೆ ಅಂಕಿಗಳ ಸಾಲು, ಬಲಗಡೆ ಅಕ್ಷರಗಳು ಕಾಣುತ್ತವೆ. ಆದಿಯಿಂದ ಅಂತ್ಯದವರೆಗೆ ಬರೀ 00 ಇದ್ದರೆ ಆ ಫೈಲ್‌ನಲ್ಲಿ ಏನೂ ಇಲ್ಲ, ಅದನ್ನು ಬಿಟ್ಟುಬಿಡಿ. ಮೊದಲ ಸಾಲಿನಲ್ಲಿ ಇಂಗ್ಲಿಷಿನ ಎಫ್-ಟಿ-ವೈ-ಪಿ ಅಕ್ಷರಗಳಿದ್ದರೆ ವಿಡಿಯೊದ ತಲೆ ಸಿಕ್ಕಿದೆ ಎಂದರ್ಥ. ಈಗ ಎಂ-ಒ-ಒ-ವಿ ಎಂದು ಹುಡುಕಿ. ಯಾವ ದೃಶ್ಯ, ಯಾವ ಧ್ವನಿ ಫೈಲ್‌ನಲ್ಲಿ ಎಲ್ಲಿದೆ ಎಂದು ಹೇಳುವ ಸೂಚಿ ಅದು. ಬಹುತೇಕ ಕ್ಯಾಮೆರಾಗಳು ಅದನ್ನು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೊನೆಯಲ್ಲಿ ಬರೆಯುತ್ತವೆ. ಬಾಲ ತಪ್ಪಿಹೋದ ಫೈಲ್‌ನಲ್ಲಿ ಈ ಸೂಚಿ ಇರುವುದಿಲ್ಲ, ಹಾಗಾಗಿ ಪ್ಲೇಯರ್ ತಿರಸ್ಕರಿಸುತ್ತದೆ.

ಸೂಚಿ ಮಾತ್ರ ಹೋಗಿದ್ದರೆ ಭರವಸೆ ಇದೆ. ಅದೇ ಕ್ಯಾಮೆರಾದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ, ಬೇರೊಂದು ಕಾರ್ಡ್ ಹಾಕಿ ಒಂದೆರಡು ನಿಮಿಷ ವಿಡಿಯೊ ತೆಗೆಯಿರಿ. ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ ಆ ಮಾದರಿಯನ್ನು ನೋಡಿಕೊಂಡು ಕೆಟ್ಟ ಫೈಲ್‌ಗೆ ಹೊಸ ಸೂಚಿ ಕಟ್ಟಲು ಪ್ರಯತ್ನಿಸುತ್ತದೆ. ಇದು ಫಲಿಸಿದರೆ ಮಂತ್ರದ ಧ್ವನಿಯೂ ಸೇರಿ ಎಲ್ಲ ಬರುತ್ತದೆ. ನಡುವೆ ಬೇರೆ ಫೈಲ್‌ನ ತುಂಡು ಸೇರಿಕೊಂಡಿದ್ದರೆ ಅಲ್ಲಿಯವರೆಗಿನದಾದರೂ ಸಿಗಬಹುದು.

ಜೊತೆಗೆ, ಆ ದಿನ ಬಂದ ನೆಂಟರಿಷ್ಟರನ್ನೆಲ್ಲ ಕೇಳಿ. ನೀವು ಯಾರಿಗಾದರೂ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದ ನಾಲ್ಕು ಫೋಟೋ, ಯಾರದೋ ಮೊಬೈಲ್‌ನಲ್ಲಿ ಸೆರೆಯಾದ ಆಶೀರ್ವಾದದ ತುಣುಕು, ಇವನ್ನು ತಂತ್ರಾಂಶ ಹುಡುಕಿಕೊಡಲಾರದು, ಫೋನ್ ಕರೆ ಹುಡುಕಿಕೊಡುತ್ತದೆ. ಹುಡುಗನನ್ನು ಗದರಬೇಡಿ.

ಪ್ರಶ್ನೆ: ಫೋನಿನಲ್ಲಿ ಅಳಿಸಿಹೋದ ಮಗುವಿನ ಫೋಟೋಗಳನ್ನು ಒಂದು ಆ್ಯಪ್ ಹುಡುಕಿಕೊಟ್ಟಿದೆ. ಎಲ್ಲವೂ ಮಸುಕು. ಸ್ಪಷ್ಟ ಮಾಡಬಹುದೇ?
– ಓದುಗರು, ಹಾಸನ

ಉತ್ತರ: ಆಗುವುದಿಲ್ಲ. ಅವು ಗ್ಯಾಲರಿ ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ಕಿರುಚಿತ್ರಗಳು. ಇಂದಿನ ಫೋನ್‌ಗಳು ಒಳಗಿನ ಸಂಗ್ರಹವನ್ನು ಗೂಢಲಿಪಿಯಲ್ಲಿಡುತ್ತವೆ. ಪೂರ್ತಿಯಾಗಿ ಅಳಿಸಿದ ಮೇಲೆ ಮೂಲ ಚಿತ್ರವನ್ನು ಹೊರತೆಗೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಆದರೆ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಚಿತ್ರ ಅದರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಐಫೋನ್‌ನಲ್ಲಿ ‘ಇತ್ತೀಚೆಗೆ ಅಳಿಸಿದವು’ ಎಂಬಲ್ಲಿ 30 ದಿನ. ಪತ್ರ ಅಚ್ಚಾಗುವ ತನಕ ಕಾಯಬಾರದಾಗಿತ್ತು. ಇದನ್ನು ಓದಿದ ಕೂಡಲೇ ಅಲ್ಲಿ ನೋಡಿ.