ಯುದ್ಧದ ಖರ್ಚು ಯಾರ ಲೆಕ್ಕಕ್ಕೆ? ಡೊಂಬಿವಲಿಯ ತರುಣ ಲೇಖಕರಿಗೆ ಉತ್ತರ

ನಮಸ್ಕಾರ.

ನಿಮ್ಮ ‘ದೂರದ ಯುದ್ಧ, ಹತ್ತಿರದ ಹಸಿವು’ ಲೇಖನ ತಲುಪಿದೆ. ಅಮೆರಿಕ ಅಫ್ಘಾನಿಸ್ತಾನಕ್ಕೂ ಇರಾಕಿಗೂ ಸೈನ್ಯ ನುಗ್ಗಿಸಿ ತನ್ನದೇ ದುಡಿಯುವ ಜನರನ್ನು ಕೈಬಿಟ್ಟಿತು ಎನ್ನುತ್ತೀರಿ. ಮಾತು ನನಗೆ ಒಪ್ಪಿಗೆ. ಭಾಷೆಯೂ ಸರಾಗವಾಗಿದೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಒಂದು ಕಡೆ ನನಗೆ ಸಿಟ್ಟು ಬಂತು, ಇನ್ನೊಂದು ಕಡೆ ಹೊಟ್ಟೆ ಉರಿಯಿತು. ಆ ಎರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಎರಡನೇ ಪುಟ ತೆಗೆಯಿರಿ. “ಬಾಗ್ದಾದಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅಮೆರಿಕದ ಬಡವನ ಒಲೆ ತಣ್ಣಗಿತ್ತು” ಎಂದಿದ್ದೀರಿ. ಆ ಬಾಂಬಿಗೂ ಈ ಒಲೆಗೂ ಏನು ಸಂಬಂಧ? ಎರಡನ್ನೂ ಅಕ್ಕಪಕ್ಕ ಇಟ್ಟು ಮುಂದೆ ನಡೆದುಬಿಟ್ಟಿದ್ದೀರಿ.

ಮರುಸಾಲು: “ಆ ಹಣ ಶಾಲೆಗಳಿಗೆ ಹೋಗಬೇಕಿತ್ತು.” ಯಾವ ಹಣ? ಅಲ್ಲಿನ ಸರ್ಕಾರ 2001ರಲ್ಲಿ ತೆರಿಗೆ ಇಳಿಸಿತು. 2003ರ ಮಾರ್ಚಿನಲ್ಲಿ ಇರಾಕಿನ ಮೇಲೆ ದಾಳಿ ಮಾಡಿ, ಮೇ ತಿಂಗಳಲ್ಲಿ ಇನ್ನೊಮ್ಮೆ ಇಳಿಸಿತು. ಯುದ್ಧ ನಡೆದದ್ದು ಬಹುಪಾಲು ಸಾಲದ ಮೇಲೆ. ಹಾಗಿರುವಾಗ ಶಾಲೆಯ ದುಡ್ಡು ತೆಗೆದು ಬಾಂಬಿಗೆ ಸುರಿದರು ಎಂಬ ಚಿತ್ರ ನಿಲ್ಲುವುದಿಲ್ಲ. ತೆರಿಗೆ ಇಳಿದಾಗ ಹೆಚ್ಚು ಉಳಿದದ್ದು ಯಾರಿಗೆ, ಸಾಲದ ಬಡ್ಡಿಯ ಹೊರೆ ಯಾರ ಮಕ್ಕಳ ತಲೆ ಮೇಲೆ? ಅನ್ಯಾಯ ಇರುವುದು ಅಲ್ಲಿ. ನೀವು ಅದರ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೀರಿ.

ಅದರ ಮುಂದಿನದು: “ಇತಿಹಾಸವೇ ಇದಕ್ಕೆ ಸಾಕ್ಷಿ.” ಹಾಗಾದರೆ ಆ ಸಾಕ್ಷಿಯ ಬಾಯಿ ಬಿಡಿಸಿ. ವಿಯೆಟ್ನಾಂ ಯುದ್ಧದ ಕಾಲಕ್ಕೆ ಹೋದರೆ ಕೊಂಡಿ ಕಣ್ಣಿಗೇ ಕಾಣುತ್ತದೆ. ಅಧ್ಯಕ್ಷ ಜಾನ್ಸನ್ 1964ರಲ್ಲಿ ಬಡತನದ ವಿರುದ್ಧ ಸಮರ ಸಾರಿದರು. ವಿಯೆಟ್ನಾಂ ಯುದ್ಧದ ಖರ್ಚು ಏರುತ್ತ ಹೋಗಿ ಅವರು ಶೇ. 10ರ ಹೆಚ್ಚುವರಿ ತೆರಿಗೆ ಕೇಳಬೇಕಾಯಿತು. ಮೊದಲು 600 ಕೋಟಿ ಡಾಲರ್ ಖರ್ಚು ಕಡಿಮೆ ಮಾಡಿ, ಆಮೇಲೆ ತೆರಿಗೆ ಎಂದರು ಅಲ್ಲಿನ ಶಾಸಕರು. 1968ರ ಜೂನಿನಲ್ಲಿ ಅದು ಕಾನೂನಾಯಿತು. ವಿಯೆಟ್ನಾಂ ಖರ್ಚಿಗೆ ಆ ಕಡಿತದಿಂದ ವಿನಾಯಿತಿ! ಯುದ್ಧ ಬಡವನ ತಟ್ಟೆಗೆ ಕೈ ಹಾಕಿದ್ದು ಹೇಗೆಂದು ಓದುಗನಿಗೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಆಗದು. ಅದಕ್ಕೂ ಒಂದು ವರ್ಷ ಮೊದಲೇ, 1967ರ ಏಪ್ರಿಲ್ 4ರಂದು, ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು, ಬಡವರ ಕಾರ್ಯಕ್ರಮವನ್ನು ಯುದ್ಧ ನುಂಗುತ್ತಿದೆ ಎಂದು ಹೇಳಿದ್ದರು.

ನಿಮ್ಮ ಕೈಯಲ್ಲೇ ಕತ್ರಿನಾ ಚಂಡಮಾರುತ ಇತ್ತು. ಅದನ್ನು ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. 2005ರ ಆಗಸ್ಟ್ 29ರಂದು ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರ ಮುಳುಗುವಾಗ, ನೆರೆ ಬಂದರೆ ಮೊದಲು ಓಡಿ ಬರಬೇಕಾದ ಆ ರಾಜ್ಯದ ಮೀಸಲು ಪಡೆ, ಲೂಸಿಯಾನಾ ನ್ಯಾಷನಲ್ ಗಾರ್ಡಿನ ಒಂದು ಇಡೀ ಬ್ರಿಗೇಡ್ ಇರಾಕಿನಲ್ಲಿತ್ತು. ಗಾರ್ಡಿನವರು ಹೆಚ್ಚಿನವರು ಪೂರ್ಣಾವಧಿ ಸೈನಿಕರಲ್ಲ, ಊರಲ್ಲಿ ಬೇರೆ ಕೆಲಸ ಮಾಡಿಕೊಂಡು ಇರುವವರು. ದುಡಿಯುವವರೂ ಅವರೇ, ಯುದ್ಧಕ್ಕೆ ಹೋದವರೂ ಅವರೇ, ನೀರು ನುಗ್ಗಿದ್ದೂ ಅವರ ಊರಿಗೇ. “ದುಡಿಯುವ ವರ್ಗ” ಎಂದು ನೀವು ಪುಟಕ್ಕೊಮ್ಮೆ ಬರೆಯುತ್ತೀರಿ. ಆದರೆ ಲೇಖನದಲ್ಲಿ ಒಬ್ಬನೂ ಕೆಲಸ ಮಾಡುವುದು ಕಾಣುವುದಿಲ್ಲ.

ನಾನು ಕೆಲಸ ಕಲಿತದ್ದು ಮುಂಬಯಿಯ ಫೋರ್ಟಿನ ಒಂದು ಕನ್ನಡ ಮುದ್ರಣಾಲಯದಲ್ಲಿ, ಕರಡು ತಿದ್ದುತ್ತ. ಅಲ್ಲಿನ ಹಿರಿಯ ಸಂಪಾದಕರು ಸಂಜೆ ಹೋಟೆಲ್ ಹುಡುಗರ ರಾತ್ರಿಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಸಂಪಾದಕೀಯದ ಕರಡನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗಿ ಆ ಹುಡುಗರೆದುರು ಓದುವುದು ಅವರ ರೂಢಿ. ನಾನೂ ಕೆಲವೊಮ್ಮೆ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಬೆಳಗಿನಿಂದ ಕಪ್ಪುಬಸಿ ತೊಳೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದ ಹುಡುಗರು. ಅವರಲ್ಲೊಬ್ಬ “ಹಾಗಾರೆ ಆ ದುಡ್ಡು ಎಲ್ಲಿ ಹೋಯ್ತು ಮಾಷ್ಟ್ರೇ?” ಎಂದು ಕೇಳಿದರೆ ಮುಗಿಯಿತು, ಮರುದಿನ ಆ ಪ್ಯಾರಾ ಪೂರ್ತಿ ಹೊಸದು. ಅಚ್ಚುಮೊಳೆ ಜೋಡಿಸುವವರು ಗೊಣಗುತ್ತಿದ್ದರು, ಸಂಪಾದಕರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಿಮ್ಮ ಎರಡನೇ ಪುಟ ಓದುವಾಗ ನನಗೆ ಆ ಹುಡುಗನ ಪ್ರಶ್ನೆಯೇ ಕೇಳುತ್ತಿತ್ತು.

ಈಗ ಹೊಟ್ಟೆ ಉರಿಸಿದ ಏಳನೇ ಪುಟ. “ಕೊಲ್ಲಿ ಬಿಕ್ಕಟ್ಟಿನಲ್ಲಿ ನನ್ನ ತಂದೆಯೂ ಕುವೈತಿನಿಂದ ಬರಿಗೈಯಲ್ಲಿ ಮರಳಿದರು.” ಅಷ್ಟೇ. ಮರುಸಾಲಿನಲ್ಲಿ ಜಾಗತಿಕ ಬಂಡವಾಳಶಾಹಿ! ಮನೆಯಲ್ಲೇ ಕೂತಿರುವ ಮನುಷ್ಯನನ್ನು ಒಂದು ವಾಕ್ಯದಲ್ಲಿ ಮುಗಿಸಿ ಹೋಗಲು ನಿಮಗೆ ಮನಸ್ಸಾದರೂ ಹೇಗೆ ಬಂತು?

1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಜೋರ್ಡಾನಿನ ಅಮ್ಮಾನಿನಿಂದ ಹೊರಟು ಮುಂಬಯಿಯ ಇದೇ ಸಹಾರ್ ವಿಮಾನ ನಿಲ್ದಾಣದಲ್ಲಿ ಇಳಿದವರು ಅವರಲ್ಲಿ ಹೆಚ್ಚಿನವರು. ಕೊಲ್ಲಿಯ ಹಣ ಬರುವುದು ಕಡಿಮೆಯಾಯಿತು, ಎಣ್ಣೆ ಬೆಲೆ ಏರಿತು, ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಬರಿದಾಯಿತು. 1991ರ ಜುಲೈನಲ್ಲಿ ದೇಶದ ಸುಮಾರು 47 ಟನ್ ಚಿನ್ನ ಅಡವಿಡಲು ಮುಂಬಯಿಯಿಂದ ವಿಮಾನ ಹತ್ತಿತು. ನಿಮ್ಮ ತಂದೆಯ ಚೀಲಕ್ಕೂ ರಿಸರ್ವ್ ಬ್ಯಾಂಕಿನ ತಿಜೋರಿಗೂ ನಡುವೆ ದಾರಿ ಇದೆ. ನೀವು ಬರೆಯಬೇಕಾದ ಲೇಖನ ಆ ದಾರಿಯದು.

ಅವರ ಹತ್ತಿರ ಕೂತು ಕೇಳಿ. ಕುವೈತಿನಲ್ಲಿ ಏನು ಕೆಲಸ, ತಿಂಗಳಿಗೆ ಊರಿಗೆ ಎಷ್ಟು ಕಳಿಸುತ್ತಿದ್ದರು? ಜೋರ್ಡಾನ್ ಗಡಿಯ ಡೇರೆಯಲ್ಲಿ ಏನು ತಿಂದರು? ಕುಂದಾಪುರದ ಮನೆಯ ಗೋಡೆ ಅಷ್ಟರಲ್ಲಿ ಎಲ್ಲಿಯವರೆಗೆ ಎದ್ದಿತ್ತು? ಮರಳಿ ಬಂದ ಮೇಲೆ ಯಾರ ಹೋಟೆಲಿನ ಗಲ್ಲೆಯಲ್ಲಿ ಕೂತರು, ಎಷ್ಟು ಸಂಬಳಕ್ಕೆ? ಅವರು ತಡೆದು ಹೇಳಿದರೆ ನೀವೂ ತಡೆಯಿರಿ, ವಾಕ್ಯ ತುಂಬಿಸಲು ಹೋಗಬೇಡಿ.

ಮೊದಲ ಆರು ಪುಟ ಸದ್ಯ ಪಕ್ಕಕ್ಕಿಡಿ. ಏಳನೇ ಪುಟದ ಆ ಸಾಲಿನಿಂದ ಶುರು ಮಾಡಿ. ವಿಯೆಟ್ನಾಂ, ಕತ್ರಿನಾ ಎರಡೂ ಅದರೊಳಗೆ ಬರಲಿ. ಗುರುತು ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಕಾಗುಣಿತದ ಚಿಂತೆ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಿಮ್ಮ,
ಸಂಪಾದಕ