ಹಿಮೋಗ್ಲೋಬಿನ್ ಏರಿಸುವ ಇಂಜೆಕ್ಷನ್ ಮತ್ತು ರಕ್ತದೊತ್ತಡದ ಮಾತ್ರೆ: ಎರಡು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ ಕೇಳಿದ ಇಬ್ಬರು ಮಿತ್ರರಿಗೂ ನಮಸ್ಕಾರ. ನಿಮ್ಮ ಗೆಳೆಯರ ಹಿಮೋಗ್ಲೋಬಿನ್ 12.4 ಬಂದಿದೆ, ಮ್ಯಾರಥಾನ್‌ಗೆ ಹತ್ತು ವಾರಗಳಿವೆ, ಇಪಿಒ ಇಂಜೆಕ್ಷನ್ ತೆಗೆದುಕೊಂಡರೆ ಅದು ಬೇಗ ಏರುತ್ತದೆ, ಹವ್ಯಾಸಿ ಓಟಗಾರರನ್ನು ಯಾರೂ ಪರೀಕ್ಷಿಸುವುದಿಲ್ಲ ಎಂದು ತರಬೇತುದಾರರೊಬ್ಬರು ಹೇಳಿದ್ದಾರೆ. ಇದನ್ನು ಒಪ್ಪಬಹುದೇ ಎಂಬುದು ಮೊದಲ ಪ್ರಶ್ನೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಸ್ಪರ್ಧೆಯಲ್ಲಿ ಓಡಿದರೆ ನಿಯಮ ಮುರಿದಂತಾಗುತ್ತದೆಯೇ ಎಂಬುದು ಇನ್ನೊಬ್ಬರ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರದಲ್ಲಿ ಯಾವ ಅನುಮಾನವೂ ಇಲ್ಲ: ಆ ಇಂಜೆಕ್ಷನ್ ಬೇಡ. ಹಿಮೋಗ್ಲೋಬಿನ್ ಏಕೆ ಇಳಿದಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾರಣ ತಿಳಿಯದೆ ಅಂಕಿಯನ್ನಷ್ಟೇ ಏರಿಸಿದರೆ ಕಾಯಿಲೆ ಮರೆಯಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಇಪಿಒ, ಅಂದರೆ ಎರಿತ್ರೋಪೊಯೆಟಿನ್, ನಮ್ಮ ಮೂತ್ರಪಿಂಡಗಳೇ ತಯಾರಿಸುವ ಹಾರ್ಮೋನು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಹೆಚ್ಚು ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚು ಉತ್ಪಾದಿಸುವಂತೆ ಅಸ್ಥಿಮಜ್ಜೆಯನ್ನು ಪ್ರಚೋದಿಸುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಈ ಹಾರ್ಮೋನು ಸಾಲದೆ ತೀವ್ರ ರಕ್ತಹೀನತೆ ಉಂಟಾಗುವುದರಿಂದ, ಅವರಿಗಾಗಿ ಪ್ರಯೋಗಾಲಯದಲ್ಲಿ ತಯಾರಿಸಿದ ಇಪಿಒ 1980ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಡಯಾಲಿಸಿಸ್‌ನಲ್ಲಿರುವ ಲಕ್ಷಾಂತರ ಜನರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಓಟದ ವೇಗ ಹೆಚ್ಚುತ್ತದೆ ಎಂಬ ಕಾರಣಕ್ಕೆ ದೂರದ ಓಟ ಮತ್ತು ಸೈಕ್ಲಿಂಗ್ ವಲಯಕ್ಕೆ ಅದು ಹರಿದುಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 1990ರಲ್ಲೇ ಅದನ್ನು ನಿಷೇಧಿಸಿತು. ಮೂತ್ರದಲ್ಲಿ ಅದನ್ನು ಪತ್ತೆಹಚ್ಚುವ ವಿಧಾನ ಬಳಕೆಗೆ ಬಂದದ್ದು ಮಾತ್ರ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ.

ಅಪಾಯ ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆಂಪು ಕಣಗಳು ಹೆಚ್ಚಿದಷ್ಟೂ ರಕ್ತ ದಪ್ಪವಾಗುತ್ತದೆ. ಮ್ಯಾರಥಾನ್‌ನಲ್ಲಿ ಗಂಟೆಗಟ್ಟಲೆ ಬೆವರು ಹರಿದು ರಕ್ತದ ನೀರಿನಂಶವೂ ಇಳಿದಾಗ ಅದು ಇನ್ನಷ್ಟು ದಪ್ಪವಾಗಿ, ರಕ್ತ ಹೆಪ್ಪುಗಟ್ಟುವ, ಹೃದಯಾಘಾತ ಅಥವಾ ಪಾರ್ಶ್ವವಾಯು ತಗಲುವ ಸಾಧ್ಯತೆ ಹೆಚ್ಚುತ್ತದೆ. ವೈದ್ಯರ ನಿಗಾದಲ್ಲಿರುವ ಮೂತ್ರಪಿಂಡ ರೋಗಿಗಳಲ್ಲಿಯೇ ಹಿಮೋಗ್ಲೋಬಿನ್ ಅನ್ನು ಅತಿಯಾಗಿ ಏರಿಸಿದಾಗ ಹೃದಯದ ತೊಂದರೆಗಳು ಹೆಚ್ಚಾದದ್ದು ಕಂಡುಬಂದು, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಔಷಧಗಳ ಮೇಲೆ ತನ್ನ ಅತ್ಯಂತ ಕಠಿಣ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಇಪಿಒವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಡಬೇಕು. ಕೈಯಿಂದ ಕೈಗೆ ಕದ್ದು ಬರುವ ಸೀಸೆ ಎಲ್ಲೆಲ್ಲಿ ಬಿಸಿಯಲ್ಲಿ ಕುಳಿತು ಬಂದಿದೆ ಎಂದು ಯಾರು ಬಲ್ಲರು? ಅಪರೂಪವಾದರೂ, ದೇಹವು ಚುಚ್ಚಿದ ಇಪಿಒ ವಿರುದ್ಧ ಪ್ರತಿಕಾಯಗಳನ್ನು ಸೃಷ್ಟಿಸಿ, ಆ ಪ್ರತಿಕಾಯಗಳು ತನ್ನದೇ ಇಪಿಒವನ್ನೂ ನಾಶಮಾಡಿ, ಕೆಂಪು ಕಣಗಳ ಉತ್ಪಾದನೆ ಬಹುತೇಕ ನಿಂತೇಹೋದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಹಾಗಾದವರು ಬೇರೆಯವರ ರಕ್ತವನ್ನು ಅವಲಂಬಿಸಿ ಬದುಕಬೇಕಾಗುತ್ತದೆ.

ಈಗ 12.4ರ ವಿಷಯಕ್ಕೆ ಬರೋಣ. ದೂರದ ಓಟವನ್ನು ನಿರಂತರವಾಗಿ ಅಭ್ಯಾಸ ಮಾಡುವವರಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ. ಕೆಂಪು ಕಣಗಳ ಒಟ್ಟು ಪ್ರಮಾಣ ಕಡಿಮೆಯಾಗದಿದ್ದರೂ ರಕ್ತ ತೆಳುವಾದಂತೆ ಕಂಡು ಹಿಮೋಗ್ಲೋಬಿನ್ ಅಂಕಿ ತುಸು ಇಳಿಯಬಹುದು. ಇದು ಕಾಯಿಲೆಯಲ್ಲ, ಅಭ್ಯಾಸದ ಫಲ. ಆದರೆ ಇದು ಇಷ್ಟೇ ಎಂದು ಊಹಿಸಿ ಸುಮ್ಮನಿರುವುದೂ ತಪ್ಪು, ಏಕೆಂದರೆ ಓಟಗಾರರಲ್ಲಿ ಕಬ್ಬಿಣಾಂಶದ ಕೊರತೆ ಸಾಮಾನ್ಯ. ನೆಲಕ್ಕೆ ಪಾದ ಬಡಿದಾಗಲೆಲ್ಲ ಕೆಲವು ಕೆಂಪು ಕಣಗಳು ಒಡೆಯುತ್ತವೆ. ಬೆವರಿನಲ್ಲಿ ತುಸು ಕಬ್ಬಿಣ ಹೋಗುತ್ತದೆ. ಕಠಿಣ ಓಟದ ನಂತರದ ಕೆಲವು ಗಂಟೆಗಳಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳು ಕಬ್ಬಿಣವನ್ನು ಹೀರಿಕೊಳ್ಳುವುದನ್ನು ತಡೆಯುತ್ತದೆ. ಮಹಿಳೆಯರಲ್ಲಿ ಮುಟ್ಟಿನ ರಕ್ತಸ್ರಾವವೂ ಸೇರುತ್ತದೆ. ಪುರುಷರಲ್ಲಿ ಕಬ್ಬಿಣಾಂಶ ಕಡಿಮೆಯಾಗಿದ್ದರೆ ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ನೋಡಲೇಬೇಕು. ಮಂಡಿ ನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಂತಾದವನ್ನು ಪದೇಪದೇ ನುಂಗುವ ಅಭ್ಯಾಸವಿದ್ದರಂತೂ ಈ ಅನುಮಾನ ಇನ್ನೂ ಬಲವಾಗುತ್ತದೆ. ಇಂಥ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿರುವಾಗ ಇಪಿಒ ಚುಚ್ಚಿಕೊಂಡು ಅಂಕಿ ಸರಿಹೋಯಿತೆಂದು ನೆಮ್ಮದಿಯಿಂದ ಓಡುವುದನ್ನು ನೆನೆದರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಹಾಗಾಗಿ ನಿಮ್ಮ ಗೆಳೆಯರು ಸಂಪೂರ್ಣ ರಕ್ತಕಣ ಎಣಿಕೆಯ ಜೊತೆಗೆ, ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿಕೊಂಡು, ವರದಿಯನ್ನು ಹಿಡಿದು ವೈದ್ಯರ ಬಳಿಗೆ ಹೋಗಲಿ. ದೀರ್ಘ ಓಟದ ಮಾರನೆಯ ದಿನ ಅಥವಾ ಜ್ವರವಿರುವಾಗ ಫೆರಿಟಿನ್ ಸುಳ್ಳಾಗಿಯೇ ಹೆಚ್ಚು ಕಾಣಬಹುದಾದ್ದರಿಂದ, ಒಂದೆರಡು ದಿನ ವಿಶ್ರಾಂತಿ ಪಡೆದ ನಂತರ ರಕ್ತ ಕೊಡುವುದು ಒಳ್ಳೆಯದು. ಕೊರತೆ ಖಚಿತವಾದರೆ ಕಬ್ಬಿಣದ ಮಾತ್ರೆಯಿಂದ ಮೂರ್ನಾಲ್ಕು ವಾರಗಳಲ್ಲೇ ಹಿಮೋಗ್ಲೋಬಿನ್ ಏರತೊಡಗುತ್ತದೆ. ಹತ್ತು ವಾರಗಳು ಅದಕ್ಕೆ ಕಡಿಮೆ ಸಮಯವೇನಲ್ಲ. ಮಾತ್ರೆಯ ಜೊತೆಯಲ್ಲೇ ಚಹಾ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ಪರೀಕ್ಷೆಯಿಲ್ಲದೆ ತಾವೇ ಮಾತ್ರೆ ಶುರುಮಾಡುವುದು ಬೇಡ, ಹೆಚ್ಚಾದ ಕಬ್ಬಿಣ ಯಕೃತ್ತಿಗೆ ಹಾನಿಕರ. ಇನ್ನೊಂದು ಮಾತನ್ನೂ ಆ ತರಬೇತುದಾರರಿಗೆ ತಿಳಿಸಿ: ಕಬ್ಬಿಣವೇ ಇಲ್ಲದ ದೇಹದಲ್ಲಿ ಇಪಿಒ ಎಷ್ಟು ಪ್ರಚೋದಿಸಿದರೂ ಮಜ್ಜೆಗೆ ಹಿಮೋಗ್ಲೋಬಿನ್ ತಯಾರಿಸಲು ಸಾಮಗ್ರಿಯೇ ಇರುವುದಿಲ್ಲ.

ಯಾರೂ ಪರೀಕ್ಷಿಸುವುದಿಲ್ಲ ಎಂಬ ಮಾತಿನ ಬಗ್ಗೆ. ಹವ್ಯಾಸಿಗಳನ್ನು ಪರೀಕ್ಷಿಸುವುದು ವಿರಳವೆಂಬುದು ನಿಜವಾದರೂ, ನಿಯಮಗಳು ಅವರಿಗೆ ಅನ್ವಯಿಸುವುದೇ ಇಲ್ಲ ಎಂಬುದು ನಿಜವಲ್ಲ. ಜೊತೆಗೆ ಪತ್ತೆಯ ವಿಧಾನವೂ ಬದಲಾಗಿದೆ. ಚುಚ್ಚಿದ ಇಪಿಒ ಕೆಲವೇ ದಿನಗಳಲ್ಲಿ ದೇಹದಿಂದ ಮಾಯವಾದರೂ, ರಕ್ತದಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯುತ್ತದೆ. ಚುಚ್ಚಿಕೊಳ್ಳುವಾಗ ಎಳೆಯ ಕೆಂಪು ಕಣಗಳು ಹೆಚ್ಚಾಗುತ್ತವೆ. ನಿಲ್ಲಿಸಿದ ಮೇಲೆ ದೇಹ ತನ್ನ ಉತ್ಪಾದನೆಯನ್ನು ತಗ್ಗಿಸುವುದರಿಂದ ಹಿಮೋಗ್ಲೋಬಿನ್ ಮೇಲೆಯೇ ಇದ್ದು ಎಳೆಯ ಕಣಗಳು ಅಸಹಜವಾಗಿ ಇಳಿಯುತ್ತವೆ. ಒಬ್ಬ ಓಟಗಾರರ ಇಂಥ ಏರಿಳಿತಗಳನ್ನು ವರ್ಷಗಟ್ಟಲೆ ದಾಖಲಿಸುವ ಬಯೋಲಾಜಿಕಲ್ ಪಾಸ್‌ಪೋರ್ಟ್ ವ್ಯವಸ್ಥೆಗೆ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, 2009ರ ಕೊನೆಯಲ್ಲಿ ಒಪ್ಪಿಗೆ ನೀಡಿತು. ಬಾಸ್ಟನ್ ಮತ್ತು ಶಿಕಾಗೋ ಮ್ಯಾರಥಾನ್‌ಗಳನ್ನು ಗೆದ್ದಿದ್ದ ಕೀನ್ಯಾದ ರೀಟಾ ಜೆಪ್ಟೂ 2014ರಲ್ಲಿ, ರಿಯೊ ಒಲಿಂಪಿಕ್ಸ್ ಮ್ಯಾರಥಾನ್‌ನ ಚಿನ್ನ ಗೆದ್ದಿದ್ದ ಜೆಮಿಮಾ ಸುಮ್‌ಗಾಂಗ್ 2017ರಲ್ಲಿ ಇಪಿಒ ಬಳಸಿ ಸಿಕ್ಕಿಬಿದ್ದರು. ಇಬ್ಬರ ಮಾದರಿಯನ್ನೂ ಸಂಗ್ರಹಿಸಿದ್ದು ಸ್ಪರ್ಧೆಯ ದಿನವಲ್ಲ, ಅಭ್ಯಾಸದ ಅವಧಿಯಲ್ಲಿ. ಸುಮ್‌ಗಾಂಗ್ ತಮ್ಮ ಸಮರ್ಥನೆಗೆ ಒದಗಿಸಿದ ವೈದ್ಯಕೀಯ ದಾಖಲೆ ನಕಲಿ ಎಂದು ತೀರ್ಮಾನವಾಗಿ, ನಾಲ್ಕು ವರ್ಷಗಳ ನಿಷೇಧ ಎಂಟಕ್ಕೆ ಏರಿತು.

ರಕ್ತದೊತ್ತಡದ ಮಾತ್ರೆ ನುಂಗುವ ಮಿತ್ರರು ತಮ್ಮ ಮಾತ್ರೆಯ ಹಾಳೆಯಲ್ಲಿ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್ ಅಥವಾ ಫ್ಯೂರೋಸಮೈಡ್ ಎಂಬ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಎರಡು ಮೂರು ಔಷಧ ಸೇರಿಸಿದ ಮಾತ್ರೆಗಳಲ್ಲಿ ಇವು ಹೆಚ್ಚಾಗಿ ಇರುತ್ತವೆ. ಇವು ಮೂತ್ರವನ್ನು ಹೆಚ್ಚಿಸಿ ಅದರಲ್ಲಿನ ಇತರ ಔಷಧಗಳ ಸುಳಿವನ್ನು ತೆಳುಗೊಳಿಸುವುದರಿಂದ ಸ್ಪರ್ಧೆಯ ದಿನವೂ ಅಭ್ಯಾಸದ ಅವಧಿಯಲ್ಲೂ ನಿಷಿದ್ಧ. 2024ರ ಶಿಕಾಗೋ ಮ್ಯಾರಥಾನ್ ಅನ್ನು 2:09:56ರಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದ ರೂತ್ ಚೆಪ್‌ನ್ಗೆಟಿಚ್ ಅವರ ಮಾದರಿಯಲ್ಲಿ 2025ರ ಮಾರ್ಚ್‌ನಲ್ಲಿ ಸಿಕ್ಕದ್ದು ಹೈಡ್ರೋಕ್ಲೋರೋಥಯಜೈಡ್. ಮನೆಗೆಲಸದವರ ಮಾತ್ರೆಯನ್ನು ನುಂಗಿದ್ದೆ ಎಂಬ ಅವರ ವಿವರಣೆ ಅವರನ್ನು ನಿಷೇಧದಿಂದ ಪಾರುಮಾಡಲಿಲ್ಲ. ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳು ಮಾತ್ರ ನಿಷೇಧದ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಬದಲಿ ಸಾಧ್ಯವೇ ಎಂದು ವೈದ್ಯರನ್ನು ಕೇಳಬಹುದು; ಸಾಧ್ಯವಿಲ್ಲದಿದ್ದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಸಲ್ಲಿಸುವ ದಾರಿಯಿದೆ. ಪಟ್ಟಿ ಪ್ರತಿ ವರ್ಷ ಜನವರಿ 1ರಂದು ಬದಲಾಗುವುದರಿಂದ ಹಳೆಯ ಮಾಹಿತಿಯನ್ನು ನಂಬಬೇಡಿ. ಓಟಕ್ಕಾಗಿ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವ ಯೋಚನೆಯನ್ನಂತೂ ದಯವಿಟ್ಟು ಮಾಡಬೇಡಿ.